ರಕ್ತದಲ್ಲಿ ಏನೂ ಬರೆದಿಲ್ಲ ಸ್ವಾಮಿ

ಹೊಸತನ ನಮ್ಮ ಕಂಪನಿಯ ಡಿಎನ್‌ಎಯಲ್ಲೇ ಇದೆ ಅಂತ ಟೌನ್‌ಹಾಲ್ ಮೀಟಿಂಗಿನಲ್ಲಿ ಸ್ಲೈಡ್ ಹಾಕ್ತಾರೆ. ಲೆಕ್ಕ ನಮ್ಮವರ ಡಿಎನ್‌ಎಯಲ್ಲೇ ಇದೆ ಅಂತ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಅಂಕಲ್ ಒಬ್ಬರು ಬರೀತಾರೆ. ಮದುವೆ ಮಾತುಕತೆಯಲ್ಲಿ 'ಒಳ್ಳೆ ಮನೆತನ' ಅನ್ನೋ ಮಾತು ಈಗ 'ಒಳ್ಳೆ ಜೀನ್ಸ್' ಆಗಿದೆ. ನಮ್ಮೂರು ಬಣಕಲ್ ಕಡೆ ಮಾತ್ರ ಇನ್ನೂ ಹಳೇ ಪದವೇ ಚಾಲ್ತಿಯಲ್ಲಿದೆ. ಲೈನ್ ಮನೆಯ ಹುಡುಗ ಪಿಯುಸಿ ಫೇಲಾದ ಅಂತ ಸುದ್ದಿ ಬಂದರೆ, "ಅವ್ರ ರಕ್ತದಲ್ಲೇ ಇಲ್ಲ ಬಿಡಿ ಮಾರಾಯ್ರೆ, ಓದು" ಅಂತಾರೆ. ಪಾಸಾದರೆ? "ಎಲ್ಲೋ ಒಂದು ಹುಟ್ಟುತ್ತೆ ಹಂಗೆ."

ರಕ್ತ ಹೋಗಿ ಡಿಎನ್‌ಎ ಬಂದಿದೆ. ಮಾತು ಮಾತ್ರ ಅದೇ. ಹಳೇ ಮಾತಿಗೆ ಜಾತಿಯ ವಾಸನೆ ಇತ್ತು, ಓದಿದವರು ಮೂಗು ಮುಚ್ಚಿಕೊಳ್ತಿದ್ದರು. ಹೊಸ ಮಾತಿಗೆ ಲ್ಯಾಬಿನ ವಾಸನೆ ಇದೆ, ಹಾಗಾಗಿ ಓದಿದವರೇ ಅದನ್ನು ಜೋರಾಗಿ ಆಡ್ತಾರೆ. ನನ್ನ ತಕರಾರು ಇರೋದು ಇಲ್ಲಿ. ವಿಜ್ಞಾನದ ಹೆಸರು ತಗೊಂಡು ಆಡೋ ಈ ಮಾತು, ಆ ವಿಜ್ಞಾನದ ಕಳೆದ 50 ವರ್ಷದ ಕೆಲಸಕ್ಕೆ ನೇರ ವಿರುದ್ಧವಾಗಿದೆ.

ಮೊದಲು ಒಂದು ಸಣ್ಣ ವಿಷಯ. 'ರಕ್ತದಲ್ಲೇ ಇದೆ' ಅನ್ನೋವರಿಗೆ: ನಿಮ್ಮ ರಕ್ತವನ್ನು ಕೆಂಪು ಮಾಡೋ ಕಣ ಇದೆಯಲ್ಲ, ಬಲಿತ ಮೇಲೆ ಅದರಲ್ಲಿ ನ್ಯೂಕ್ಲಿಯಸ್ಸೇ ಇರೋದಿಲ್ಲ. ಅಂದರೆ ವಂಶದ ಡಿಎನ್‌ಎಯೂ ಇಲ್ಲ. ಲ್ಯಾಬಿನವರು ರಕ್ತದಿಂದ ಡಿಎನ್‌ಎ ತೆಗೀತಾರಲ್ಲ, ಅದು ಬಿಳಿ ಕಣಗಳದ್ದು. ಕೆಂಪು ರಕ್ತ ಅಂತ ಮೀಸೆ ತಿರುವೋಕೆ ಅಲ್ಲಿ ಓದೋದಕ್ಕೆ ಒಂದು ಅಕ್ಷರವೂ ಇಲ್ಲ.

ಈಗ ದೊಡ್ಡ ವಿಷಯಕ್ಕೆ ಬರ್ತೀನಿ. ಈ ಡಿಎನ್‌ಎ ಜಂಬಕ್ಕೆ ಸಿದ್ಧಾಂತ ಸಪ್ಲೈ ಮಾಡಿದವರಲ್ಲಿ ನಮ್ಮ ಸಾಫ್ಟ್‌ವೇರ್ ಮಂದಿಯೂ ಇದೀವಿ. ಡಿಎನ್‌ಎ ಅಂದರೆ ಸೋರ್ಸ್ ಕೋಡ್, ಜೀವಕೋಶ ಅಂದರೆ ಕಂಪ್ಯೂಟರ್, ಮನುಷ್ಯ ಅಂದರೆ ಔಟ್‌ಪುಟ್. ನಾಲ್ಕು ಅಕ್ಷರ, 300 ಕೋಟಿ ಅಕ್ಷರದ ಫೈಲು, ರನ್ ಮಾಡಿದರೆ ಮನುಷ್ಯ ಸಿದ್ಧ. ಕ್ಯಾಂಟೀನಿನಲ್ಲಿ ಇದನ್ನು ಹೇಳದ ಇಂಜಿನಿಯರ್ ಇಲ್ಲ. ಕೋಡ್ ಬರೆದೇ ಅನ್ನ ತಿನ್ನೋನು ನಾನು. ನಮ್ಮ ಕೋಡ್ ಓದೋದಕ್ಕೆ ಕಂಪ್ಯೂಟರ್ ಏನೂ ಬಿಚ್ಚಬೇಕಾಗಿಲ್ಲ. ಫೈಲಿನ ಹತ್ತನೇ ಸಾಲೂ ಹತ್ತು ಸಾವಿರದನೇ ಸಾಲೂ ಅದಕ್ಕೆ ಒಂದೇ. ಜೀವಕೋಶದಲ್ಲಿ ಹಾಗಿಲ್ಲ. ಅಲ್ಲಿ ಓದೋದು ಅಂದರೆ ಮೈಮುರಿಯೋ ಕೆಲಸ.

ನಮ್ಮ ಒಂದೊಂದು ಜೀವಕೋಶದಲ್ಲೂ ಎಳೆ ಬಿಡಿಸಿಟ್ಟರೆ ಸುಮಾರು 2 ಮೀಟರ್ ಉದ್ದ ಆಗುವಷ್ಟು ಡಿಎನ್‌ಎ ಇದೆ. ಅದು ಕೂತಿರೋ ನ್ಯೂಕ್ಲಿಯಸ್ಸು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಚಿಕ್ಕದು. ತುರುಕೋದು ಹೇಗೆ? ಹಿಸ್ಟೋನ್ ಅನ್ನೋ ಪ್ರೋಟೀನುಗಳು ಎಂಟು ಸೇರಿ ಒಂದು ಗುಂಡಿಯಂಥ ಉಂಡೆ ಆಗ್ತವೆ. ಅದರ ಮೈಮೇಲೆ ಡಿಎನ್‌ಎ ಎಳೆ ಎರಡು ಸುತ್ತಿಗೆ ಸ್ವಲ್ಪ ಕಡಿಮೆ ಸುತ್ತಿಕೊಳ್ಳುತ್ತೆ. ಒಂದು ಉಂಡೆಗೆ ಸುಮಾರು 147 ಅಕ್ಷರದಷ್ಟು ಎಳೆ. ಆಮೇಲೆ ಸ್ವಲ್ಪ ಖಾಲಿ ಎಳೆ, ಮತ್ತೆ ಇನ್ನೊಂದು ಉಂಡೆ. ಈ ಉಂಡೆಗೆ ನ್ಯೂಕ್ಲಿಯೋಸೋಮ್ ಅಂತ ಹೆಸರು. ಇಂಥವು ಒಂದು ಜೀವಕೋಶದಲ್ಲಿ ಸುಮಾರು 3 ಕೋಟಿ ಇವೆ. ಉಂಡೆ, ಎಳೆ, ಜೊತೆಗೆ ಅಂಟಿಕೊಂಡ ಪ್ರೋಟೀನು ಎಲ್ಲ ಸೇರಿದ ಮೂಟೆಯೇ ಕ್ರೊಮ್ಯಾಟಿನ್.

ಇದು ಯಾರದೋ ಊಹೆಯಲ್ಲ. 1974ರಲ್ಲಿ ರೋಜರ್ ಕಾರ್ನ್‌ಬರ್ಗ್ ಈ ಉಂಡೆಯ ಲೆಕ್ಕ ಮುಂದಿಟ್ಟರು. ಅದೇ ವರ್ಷ ಆಡಾ ಮತ್ತು ಡೊನಾಲ್ಡ್ ಓಲಿನ್ಸ್ ದಂಪತಿ ದಾರದಲ್ಲಿ ಪೋಣಿಸಿದ ಮಣಿಗಳ ಹಾಗೆ ಅದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಾಣೋದನ್ನು ಪ್ರಕಟಿಸಿದರು. 1997ರಲ್ಲಿ ಜ್ಯೂರಿಕ್‌ನಲ್ಲಿ ಕರೋಲಿನ್ ಲ್ಯೂಗರ್, ಟಿಮೊಥಿ ರಿಚ್ಮಂಡ್ ಮತ್ತು ಜೊತೆಗಾರರು ಎಕ್ಸ್‌ರೇ ಹಾಯಿಸಿ ಉಂಡೆಯ ವಿವರವಾದ ರೂಪ ಬಿಡಿಸಿದರು.

ಈಗ ಓದೋವನ ಕಡೆ ನೋಡಿ. ಜೀನ್ ಓದಿ ಆರ್‌ಎನ್‌ಎ ಪ್ರತಿ ತೆಗೆಯೋ ಯಂತ್ರದ ಹೆಸರು ಆರ್‌ಎನ್‌ಎ ಪಾಲಿಮರೇಸ್. ಪಠ್ಯಪುಸ್ತಕದಲ್ಲಿ ಈ ಕೆಲಸಕ್ಕೆ ಪ್ರತಿಲೇಖನ ಅಂತಾರೆ. ನಮ್ಮ ಪ್ರೋಟೀನ್ ಜೀನುಗಳನ್ನು ಓದೋ ಪಾಲಿಮರೇಸ್ 2, ಹನ್ನೆರಡು ಪ್ರೋಟೀನು ಸೇರಿ ಆದದ್ದು. ಅದರ ರೂಪ ಬಿಡಿಸಿದ್ದಕ್ಕೆ ಅದೇ ಕಾರ್ನ್‌ಬರ್ಗ್‌ಗೆ 2006ರ ನೊಬೆಲ್ ಸಿಕ್ಕಿತು. ಎಳೆಯನ್ನು ಹೊಟ್ಟೆಯೊಳಗೆ ಎಳೆದುಕೊಂಡು, ಎರಡು ಪುರಿ ಬಿಡಿಸಿ, ಒಂದೊಂದೇ ಅಕ್ಷರ ಓದುತ್ತಾ ಮುಂದೆ ಹೋಗೋ ಯಂತ್ರ ಅದು. ದಾರಿಯಲ್ಲಿ 200 ಅಕ್ಷರಕ್ಕೊಂದರಂತೆ ಉಂಡೆ ಅಡ್ಡ.

ಅಡ್ಡ ಬಂದಾಗ ಏನಾಗುತ್ತೆ? 2018ರಲ್ಲಿ ಜಪಾನಿನ ಹಿತೋಶಿ ಕುರುಮಿಝಾಕಾ, ಶುನ್‌ಇಚಿ ಸೆಕಿನೆ ತಂಡಗಳು ಇದನ್ನೇ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಹಿಡಿದವು. ಪಾಲಿಮರೇಸ್ ಉಂಡೆಯೊಳಗೆ ನುಗ್ಗೋವಾಗ ಗೊತ್ತಾದ ನಾಲ್ಕು ಜಾಗದಲ್ಲಿ ತಡೆದು ನಿಲ್ಲುತ್ತೆ. ಹಿಸ್ಟೋನು ಎಳೆಯನ್ನು ಗಟ್ಟಿಯಾಗಿ ಹಿಡಿದ ಜಾಗಗಳವು. ಯಂತ್ರ ಎಳೆಯನ್ನು ಸುಲಿದುಕೊಂಡು ಹಂತ ಹಂತವಾಗಿ ಒಳಗೆ ಹೋಗಬೇಕು. ಒಂಟಿಯಾಗಿ ಹೋದರೆ ಸಿಕ್ಕಿಹಾಕಿಕೊಳ್ಳುತ್ತೆ. ಸಹಾಯಕ್ಕೆ ಬೇರೆ ಪ್ರೋಟೀನುಗಳು ಬೇಕು. ಅದರಲ್ಲೊಂದು 1998ರಲ್ಲಿ ಪತ್ತೆಯಾದ ಫ್ಯಾಕ್ಟ್. ಕ್ರೊಮ್ಯಾಟಿನ್ ಪ್ರತಿಲೇಖನಕ್ಕೆ ಅನುಕೂಲ ಮಾಡೋದು ಅನ್ನೋ ಅರ್ಥದ ಇಂಗ್ಲಿಷ್ ಪದಗಳನ್ನು ಚಿಕ್ಕದು ಮಾಡಿದ ಹೆಸರು ಅದು. 2022ರಲ್ಲಿ ಜಪಾನಿನ ಅದೇ ತಂಡದವರು, ಯಂತ್ರದ ಮುಂದೆ ಬಿಚ್ಚಿದ ಉಂಡೆಯನ್ನು ಫ್ಯಾಕ್ಟ್ ಹಿಡಿದುಕೊಂಡು, ಯಂತ್ರ ದಾಟಿದ ಮೇಲೆ ಹಿಂದೆ ಮತ್ತೆ ಕಟ್ಟೋದನ್ನು ಚಿತ್ರಗಳಲ್ಲಿ ತೋರಿಸಿದರು.

ನಮ್ಮ ಕಡೆಯವರಿಗೆ ಇದನ್ನು ಹೀಗೆ ಹೇಳಬಹುದು. ಕೊಟ್ಟಿಗೆಹಾರದಿಂದ ಉಜಿರೆಗೆ ಚಾರ್ಮಾಡಿ ಘಾಟಿ ರಸ್ತೆ ನಕ್ಷೆಯಲ್ಲಿ ಯಾವತ್ತೂ ಇದೆ. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದಾಗಲೂ ನಕ್ಷೆಯಲ್ಲಿ ಇತ್ತು. ಬಸ್ಸು ಮಾತ್ರ ತಿಂಗಳುಗಟ್ಟಲೆ ಓಡಲಿಲ್ಲ. ನಕ್ಷೆ ಇಟ್ಟುಕೊಂಡು ಯಾರಾದರೂ 'ಉಜಿರೆ ತಲುಪೋದು ನಮ್ಮ ರಸ್ತೆಯಲ್ಲೇ ಬರೆದಿದೆ' ಅಂದರೆ ನಗ್ತೀರಿ ತಾನೆ? ವ್ಯತ್ಯಾಸ ಇಷ್ಟೇ: ಜೀವಕೋಶದಲ್ಲಿ ಕುಸಿತ ಅನ್ನೋದು ಅವಘಡ ಅಲ್ಲ, ದಿನನಿತ್ಯದ ಸ್ಥಿತಿ. ಪ್ರತಿ ಬಸ್ಸಿಗೂ ಮಣ್ಣು ತೆಗೆದು, ಬಸ್ಸು ದಾಟಿದ ಮೇಲೆ ಮತ್ತೆ ಹಾಕಬೇಕು.

ಎಷ್ಟು ಸಲ ಅಂತ ಲೆಕ್ಕ ಬೇಕಾ? ಸ್ನಾಯುಗಳಿಗೆ ಬೇಕಾದ ಡಿಸ್ಟ್ರೋಫಿನ್ ಜೀನು ಸುಮಾರು 22 ಲಕ್ಷ ಅಕ್ಷರ ಉದ್ದ. ಒಂದು ಪಾಲಿಮರೇಸ್ ಅದನ್ನು ಓದಿ ಮುಗಿಸೋಕೆ ಸುಮಾರು 16 ಗಂಟೆ ಬೇಕು ಅಂತ 1995ರಲ್ಲೇ ಅಳೆದಿದ್ದಾರೆ. ಸಂಜೆ ಆರಕ್ಕೆ ಹೊರಟರೆ ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ತಲುಪುತ್ತೆ. 200 ಅಕ್ಷರಕ್ಕೊಂದು ಉಂಡೆ ಅಂದರೂ ಹತ್ತು ಸಾವಿರಕ್ಕೂ ಹೆಚ್ಚು ಉಂಡೆ ದಾಟಬೇಕು. ಈ ಕೆಲಸವನ್ನು 'ಕೋಡ್ ರನ್ ಆಗುತ್ತೆ' ಅಂತ ಮೂರು ಪದದಲ್ಲಿ ಮುಗಿಸೋರು, ರಸ್ತೆಯಲ್ಲಿ ಮಣ್ಣು ಹೊತ್ತವರ ಲೆಕ್ಕ ಬಿಟ್ಟು ಉದ್ಘಾಟನೆಯ ಫಲಕ ಓದೋರ ಹಾಗೆ.

ಇದೆಲ್ಲ ಜ್ಯೂರಿಕ್, ಜಪಾನಿನ ಕಥೆ ಅಂದುಕೊಳ್ಳಬೇಡಿ. ಮೈಸೂರಿನಲ್ಲಿ ಹುಟ್ಟಿದ ಎಂ.ಆರ್.ಎಸ್. ರಾವ್ ಅಂತ ಒಬ್ಬ ಜೀವರಸಾಯನ ವಿಜ್ಞಾನಿ ಇದ್ದರು. ನಮ್ಮ ಐಐಎಸ್‌ಸಿಯಲ್ಲಿ ದಶಕಗಟ್ಟಲೆ ಕೆಲಸ ಮಾಡಿ, ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಧ್ಯಕ್ಷರಾಗಿದ್ದವರು. 2023ರಲ್ಲಿ ತೀರಿಕೊಂಡರು. ವೀರ್ಯಾಣು ತಯಾರಾಗುವಾಗ ಕ್ರೊಮ್ಯಾಟಿನ್ ಏನಾಗುತ್ತೆ ಅನ್ನೋದು ಅವರ ದೊಡ್ಡ ವಿಷಯಗಳಲ್ಲಿ ಒಂದು. ವೀರ್ಯಾಣುವಿನಲ್ಲಿ ಹಿಸ್ಟೋನುಗಳಲ್ಲಿ ಬಹುಪಾಲು ಹೊರಗೆ ಹೋಗುತ್ತವೆ. ನಡುವೆ ಬೇರೆ ಪ್ರೋಟೀನು ಬಂದು, ಕೊನೆಗೆ ಪ್ರೋಟಮೀನು ಬಂದು ಡಿಎನ್‌ಎಯನ್ನು ಇನ್ನೂ ಬಿಗಿಯಾಗಿ ಕಟ್ಟುತ್ತವೆ. ಎಷ್ಟು ಬಿಗಿ ಅಂದರೆ ಓದೋ ಕೆಲಸವೇ ನಿಂತುಹೋಗುತ್ತೆ.

ವಂಶದ ಹೆಮ್ಮೆ ಇರೋ ಗಂಡಸರು ಇಲ್ಲಿ ಸ್ವಲ್ಪ ಕೂತು ಕೇಳಿ. ಅಪ್ಪನ ಡಿಎನ್‌ಎ ಮಗುವಿಗೆ ಬರೋದು ಬಾಯಿ ಹೊಲಿದ ಮೂಟೆಯಾಗಿ. ಅಂಡಾಣುವಿನೊಳಗೆ ಹೋದ ಮೇಲೆ ಆ ಪ್ರೋಟಮೀನು ಕಿತ್ತು ಹೊಸ ಹಿಸ್ಟೋನು ಕಟ್ಟಬೇಕು. ಆ ಹಿಸ್ಟೋನು ಯಾರದು? ಅಮ್ಮನದು. ಕಟ್ಟೋ ಯಂತ್ರ ಯಾರದು? ಅದೂ ಅಮ್ಮನದೇ. ತಲೆತಲಾಂತರದಿಂದ ಗಂಡು ಸಂತಾನದಲ್ಲಿ ಹರಿದು ಬಂತು ಅಂತ ನೀವು ಹೇಳೋ ಆ ಮಹಾನ್ ಗುಣದ ಮೊದಲ ಅಕ್ಷರ ಓದೋಕೂ ಬೇರೆ ಮನೆಯಿಂದ ಬಂದ ಹೆಣ್ಣುಮಗಳು ಮೂಟೆ ಬಿಚ್ಚಬೇಕು.

ರಾವ್ ಅವರ ಬಳಿ ಕಲಿತವರು ತಪಸ್ ಕುಂಡು. 2000ದಲ್ಲಿ ಅಮೆರಿಕದ ರಾಬರ್ಟ್ ರೋಡರ್ ಪ್ರಯೋಗಾಲಯದಲ್ಲಿದ್ದಾಗ ಅವರು ಮತ್ತು ಜೊತೆಗಾರರು ಒಂದು ಅಚ್ಚುಕಟ್ಟಾದ ಪ್ರಯೋಗ ಪ್ರಕಟಿಸಿದರು. ಪಿ300 ಅನ್ನೋ ಕಿಣ್ವ ಹಿಸ್ಟೋನಿನ ಬಾಲಕ್ಕೆ ಅಸಿಟೈಲ್ ಅನ್ನೋ ಸಣ್ಣ ಗುಂಪನ್ನು ಅಂಟಿಸುತ್ತೆ. ಹಿಸ್ಟೋನಿಗೆ ಧನ ವಿದ್ಯುದಂಶ, ಡಿಎನ್‌ಎಗೆ ಋಣ. ಅದಕ್ಕೇ ಬಿಗಿಯಾದ ಹಿಡಿತ. ಅಸಿಟೈಲ್ ಅಂಟಿದರೆ ಹಿಡಿತ ಸಡಿಲ. ಪ್ರಯೋಗದಲ್ಲಿ ಬರೀ ಡಿಎನ್‌ಎ ಕೊಟ್ಟಾಗ ಪಿ300 ಇಲ್ಲದೆಯೂ ಓದು ನಡೀತು. ಉಂಡೆ ಕಟ್ಟಿದ ಡಿಎನ್‌ಎ ಕೊಟ್ಟಾಗ ಪಿ300 ಬೇಕೇ ಬೇಕಾಯಿತು. ಅಕ್ಷರ ಅವವೇ. ಬಿಚ್ಚೋವರು ಇದ್ದರೆ ಓದು, ಇಲ್ಲದಿದ್ದರೆ ಇಲ್ಲ.

ಆಮೇಲೆ ಕುಂಡು ಜಕ್ಕೂರಿಗೆ ಬಂದರು. 2003ರಲ್ಲಿ ಅವರ ತಂಡ ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿರೋ ಅನಕಾರ್ಡಿಕ್ ಆಮ್ಲ ಪಿ300ನ್ನು ತಡೆಯೋದನ್ನು ತೋರಿಸಿತು. ಘಟ್ಟದ ಕೆಳಗೆ ಗೇರು ಸುಲಿಯೋರ ಕೈ ಸುಡುತ್ತಲ್ಲ, ಅದೇ ಎಣ್ಣೆ. ಆ ಆಮ್ಲವನ್ನೇ ಮಾರ್ಪಡಿಸಿ, ತಡೆಯೋ ಬದಲು ಪಿ300ನ್ನು ಚುರುಕು ಮಾಡೋ ಅಣುವನ್ನೂ ಮಾಡಿದರು. ಅದರ ಮುಂದಿನ ರೂಪ ಟಿಟಿಕೆ21. ಅದನ್ನು ಗ್ಲೂಕೋಸಿನಿಂದ ಮಾಡಿದ ಕಾರ್ಬನ್ ಗೋಲಿಗೆ ಅಂಟಿಸಿ ಇಲಿಗೆ ಕೊಟ್ಟಾಗ ಮಿದುಳು ತಲುಪಿತು, ಇಲಿಯ ನೆನಪು ಹೆಚ್ಚು ಕಾಲ ಉಳಿಯಿತು ಅಂತ 2013ರಲ್ಲಿ ಫ್ರಾನ್ಸಿನವರ ಜೊತೆ ಸೇರಿ ವರದಿ ಮಾಡಿದರು. 2019ರಲ್ಲಿ ಲಂಡನ್ನಿನ ತಂಡದ ಜೊತೆ ಬೆನ್ನುಹುರಿಗೆ ಪೆಟ್ಟಾದ ಇಲಿಗಳಲ್ಲಿ ನರ ಮತ್ತೆ ಬೆಳೆದದ್ದನ್ನು ತೋರಿಸಿದರು. ಇಲಿಯ ಡಿಎನ್‌ಎಯ ಒಂದು ಅಕ್ಷರವನ್ನೂ ತಿದ್ದಿರಲಿಲ್ಲ. ಇದು ಇಲಿಯ ಕಥೆ, ಮನುಷ್ಯರ ಔಷಧಿ ಅಲ್ಲ. ಆದರೆ ವಾದಕ್ಕೆ ಇಷ್ಟು ಸಾಕು. ಏರ್‌ಪೋರ್ಟಿಗೆ ಹೋಗೋವಾಗ ಜಕ್ಕೂರನ್ನು ಎಡಕ್ಕೋ ಬಲಕ್ಕೋ ಬಿಟ್ಟು ಕ್ಯಾಬಿನಲ್ಲಿ ಕೂತು 'ಡಿಎನ್‌ಎಯಲ್ಲೇ ಇದೆ' ಅಂತ ಪಾಡ್‌ಕಾಸ್ಟ್ ಕೇಳ್ತೀವಲ್ಲ, ಆ ಮಾತಿಗೆ ಉತ್ತರ ಅಲ್ಲೇ ಕಾಂಪೌಂಡಿನೊಳಗೆ ಇತ್ತು.

ಇನ್ನು ಜೇನು. ರಾಣಿ ಜೇನೂ ಕೆಲಸಗಾರ ಜೇನೂ ಹುಟ್ಟೋದು ಒಂದೇ ಥರದ ಮೊಟ್ಟೆಯಿಂದ. ಇಂಗ್ಲಿಷಿನ ಕೀಟಶಾಸ್ತ್ರದಲ್ಲಿ ಈ ಎರಡು ಬಗೆಗೆ 'ಕಾಸ್ಟ್' ಅಂತಲೇ ಹೆಸರು. ಹೌದು, ಜಾತಿ. ಆದರೆ ಜಾತಿ ನಿರ್ಧಾರ ಆಗೋದು ಮರಿಗೆ ಏನು ತಿನ್ನಿಸಿದರು ಅನ್ನೋದರ ಮೇಲೆ. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಮರಿಗಳ ಡಿಎನ್‌ಎ ಮೇಲೆ ಮೀಥೈಲ್ ಗುರುತು ಹಾಕೋ ಒಂದು ಕಿಣ್ವವನ್ನು ಅಡಗಿಸಿದರು. ಕೆಲಸಗಾರ ಆಗಬೇಕಿದ್ದ ಮರಿಗಳಲ್ಲಿ ಹೆಚ್ಚಿನವು ರಾಣಿಯ ಲಕ್ಷಣ ಹೊತ್ತು ಹೊರಬಂದವು. ಜಾತಿ ಅಂತ ಹೆಸರಿಟ್ಟ ಕಡೆಯೂ ಅದು ಡಿಎನ್‌ಎಯ ಅಕ್ಷರದಲ್ಲಿ ಇಲ್ಲ ಮಾರಾಯ್ರೆ! ಇಲ್ಲದ ಕಡೆ ನೀವು ಹುಡುಕ್ತಾ ಇದೀರಿ.

ಇಲ್ಲಿ ಎರಡು ಆಕ್ಷೇಪ ಬರುತ್ತೆ. ಎರಡಕ್ಕೂ ಉತ್ತರ ಕೊಡಬೇಕು.

ಒಂದು: ಹಾಗಾದರೆ ಜೀನಿಗೆ ಬೆಲೆಯೇ ಇಲ್ವಾ? ಇದೆ. ತಂದೆ ತಾಯಿ ಇಬ್ಬರಿಂದಲೂ ಒಂದೊಂದು ಅಕ್ಷರ ತಪ್ಪಿದ ಪ್ರತಿ ಬಂದರೆ ಸಿಕಲ್ ಸೆಲ್ ಕಾಯಿಲೆ ಬರುತ್ತೆ. ಮೈಸೂರು, ಚಾಮರಾಜನಗರ ಕಡೆಯ ಆದಿವಾಸಿ ಕುಟುಂಬಗಳಿಗೆ ಅದು ಪುಸ್ತಕದ ಉದಾಹರಣೆಯಲ್ಲ, ಮನೆಯ ನೋವು. ಪಿ300 ಅಥವಾ ಅದರ ಜೋಡಿ ಸಿಬಿಪಿಯ ಜೀನಿನಲ್ಲೇ ದೋಷ ಇದ್ದರೆ ರೂಬಿನ್‌ಸ್ಟೈನ್ ಟೇಬಿ ಅನ್ನೋ ಅಪರೂಪದ ತೊಂದರೆಯಿಂದ ಮಕ್ಕಳ ಬೆಳವಣಿಗೆ, ಬುದ್ಧಿ ಎರಡಕ್ಕೂ ಪೆಟ್ಟು ಬೀಳುತ್ತೆ. ಅಕ್ಷರ ಮುಖ್ಯ. ಆದರೆ ಇವು ಗುರುತಿಸಿ, ಹೆಸರಿಟ್ಟು, ಯಾವ ಪ್ರೋಟೀನು ಕೆಡುತ್ತೆ ಅಂತ ತೋರಿಸಬಹುದಾದ ದೋಷಗಳು. 'ನಮ್ಮವರಿಗೆ ಲೆಕ್ಕ, ಅವರಿಗೆ ಕೂಲಿ' ಅನ್ನೋದಕ್ಕೆ ಅಂಥ ಜೀನು ಯಾರೂ ತೋರಿಸಿಲ್ಲ.

ಎರಡು: ಹಾಗಾದರೆ ಜೀನನ್ನು ನಾವೇ ಆನ್ ಆಫ್ ಮಾಡಬಹುದಲ್ವಾ? ಇದು ಇನ್ನೊಂದು ಅಂಗಡಿ. ಎಪಿಜೆನೆಟಿಕ್ಸ್ ಅಂತ ಬೋರ್ಡ್ ಹಾಕಿಕೊಂಡು ಅರಿಶಿನದ ಕ್ಯಾಪ್ಸೂಲು ಮಾರೋರು ಇದಾರೆ, ವೀಕೆಂಡ್ ಧ್ಯಾನ ಶಿಬಿರದಲ್ಲಿ ಡಿಎನ್‌ಎ ಬದಲಾಯಿಸ್ತೀವಿ ಅನ್ನೋರು ಇದಾರೆ. 2004ರಲ್ಲಿ ಜಕ್ಕೂರಿನ ಅದೇ ತಂಡ ಅರಿಶಿನದ ಕರ್ಕ್ಯುಮಿನ್, ನಮ್ಮ ಪುನರ್ಪುಳಿಯ ಗಾರ್ಸಿನಾಲ್ ಎರಡೂ ಪಿ300ನ್ನು ತಡೆಯೋದನ್ನು ತೋರಿಸಿದ್ದು ನಿಜ. ಆದರೆ ಅದು ಪ್ರನಾಳ ಮತ್ತು ಜೀವಕೋಶದ ಮಟ್ಟದ ಕೆಲಸ. ನುಂಗಿದ ಕರ್ಕ್ಯುಮಿನ್ ರಕ್ತಕ್ಕೆ ಸೇರೋದೇ ತೀರಾ ಕಡಿಮೆ. ಇನ್ನು ಪಿ300 ಅಸಂಖ್ಯ ಜೀನುಗಳ ಓದಿಗೆ ಬೇಕಾದ ಕಿಣ್ವ, ಅದನ್ನು ಕಂಡಕಂಡಲ್ಲಿ ತಡೆದರೆ ಒಳ್ಳೇದೇ ಆಗುತ್ತೆ ಅಂತ ಯಾರು ಹೇಳಿದರು? ಪುನರ್ಪುಳಿ ಸಾರು ಕುಡೀರಿ, ಬೇಸಿಗೆಗೆ ತಂಪು. ಜೀನ್ ರಿಪೇರಿಗೆ ಅಂತ ಕುಡೀಬೇಡಿ. ಡಿಎನ್‌ಎಯೇ ಹಣೆಬರಹ ಅನ್ನೋರೂ, ಹಣೆಬರಹ ಅಳಿಸಿ ಕೊಡ್ತೀವಿ ಅನ್ನೋರೂ ಮಾಡೋದು ಒಂದೇ ಕೆಲಸ: ನಡುವಿನ ದುಡಿಮೆಯನ್ನು ಕಾಣದ ಹಾಗೆ ಮಾಡೋದು.

ಇನ್ನೊಂದನ್ನೂ ಈಗಲೇ ಹೇಳಿಬಿಡ್ತೀನಿ. ಮನುಷ್ಯರು ಸಮಾನರು ಅನ್ನೋದಕ್ಕೆ ಕ್ರೊಮ್ಯಾಟಿನ್ ಬಂದು ಸಾಕ್ಷಿ ಹೇಳಬೇಕಾಗಿಲ್ಲ. ಅದು ಸಂವಿಧಾನದ ಮಾತು, ಲ್ಯಾಬಿನ ರಿಪೋರ್ಟಿಗೆ ಕಾಯೋದಿಲ್ಲ. 'ಅವರ ಜೀನು ಮುಚ್ಚಿಕೊಂಡಿದೆ ಪಾಪ' ಅನ್ನೋ ಹೊಸ ಮೂದಲಿಕೆಗೂ ಇದರಲ್ಲಿ ಜಾಗ ಇಲ್ಲ. ಆದರೆ ಅಸಮಾನತೆಗೆ ಜೀವಶಾಸ್ತ್ರವನ್ನು ಸಾಕ್ಷಿಗೆ ಕರೆದವರು ನೀವು. ಕರೆದ ಮೇಲೆ ಪೂರ್ತಿ ಹೇಳಿಕೆ ಕೇಳಬೇಕು.

ತಮಾಷೆ ಏನು ಗೊತ್ತಾ? ಇದೆಲ್ಲ ನಮ್ಮೂರಿನ ತೋಟದವರಿಗೆ ಗೊತ್ತು, ಗಿಡದ ವಿಷಯದಲ್ಲಿ. ಎಸ್ 795 ಕಾಫಿ ಗಿಡ ಒಂದು ಪಟ್ಟಿಯಲ್ಲಿ ಸರಿಯಾಗಿ ಕಾಯಿ ಹಿಡಿಯದಿದ್ದರೆ 'ಇದರ ರಕ್ತದಲ್ಲೇ ಇಲ್ಲ' ಅಂತ ಯಾವ ಪ್ಲಾಂಟರೂ ಕೈಚೆಲ್ಲಿ ಕೂರಲ್ಲ. ನೆರಳು ಜಾಸ್ತಿ ಆಯ್ತಾ, ಹೂವಿನ ಮಳೆ ತಪ್ಪಿತಾ, ಸುಣ್ಣ ಹಾಕಿ ಎಷ್ಟು ವರ್ಷ ಆಯ್ತು ಅಂತ ಕೇಳ್ತಾರೆ. ಮಣ್ಣನ್ನು ಪರೀಕ್ಷೆಗೆ ಕಳಿಸ್ತಾರೆ. ಅದೇ ಗಿಡದ ಬುಡದಲ್ಲಿ ಕೆಲಸ ಮಾಡೋ ಹೆಂಗಸಿನ ಮಗ ಫೇಲಾದರೆ ಮಾತ್ರ ಒಂದೂ ಪ್ರಶ್ನೆ ಇಲ್ಲ. ಕುಯ್ಲಿನ ಸಮಯದಲ್ಲಿ ಎಷ್ಟು ದಿನ ಕಾಲೇಜು ತಪ್ಪಿತು? ಲೈನ್ ಮನೆಯಲ್ಲಿ ರಾತ್ರಿ ಕರೆಂಟ್ ಇತ್ತಾ? ಮಳೆಗಾಲದಲ್ಲಿ ಬಸ್ಸು ಸಿಗ್ತಿತ್ತಾ? ಗಿಡಕ್ಕೆ ಮಣ್ಣು ಪರೀಕ್ಷೆ, ಹುಡುಗನಿಗೆ ರಕ್ತ ಪರೀಕ್ಷೆ. ಇದಕ್ಕಿಂತ ದೊಡ್ಡ ಅನ್ಯಾಯ ಬೇಕಾ?

ಬೆಂಗಳೂರಿನ ಎಸಿ ರೂಮಿನಲ್ಲಿ ಇದೇ ಆಟ ಇಂಗ್ಲಿಷಿನಲ್ಲಿ ನಡೆಯುತ್ತೆ. ನಾನೂ ಕೂತಿದ್ದ ಒಂದು ಇಂಟರ್ವ್ಯೂ ಪ್ಯಾನೆಲ್‌ನಲ್ಲಿ, ಜಿಲ್ಲಾ ಕೇಂದ್ರದ ಕಾಲೇಜಿನ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗೆಲ್ಲ ಸರಿಯಾಗಿ ಉತ್ತರ ಕೊಟ್ಟು ಹೋದ ಮೇಲೆ, ಹಿರಿಯರೊಬ್ಬರು 'ಕೋಡಿಂಗ್ ಓಕೆ, ಪೆಡಿಗ್ರೀ ಇಲ್ಲ' ಅಂದರು. ಪೆಡಿಗ್ರೀ ಅನ್ನೋದು ನಾಯಿಯನ್ನೋ ಕುದುರೆಯನ್ನೋ ಕೊಳ್ಳೋವಾಗ ಕೇಳೋ ಪದ ಅಂತ ನಾನು ಅಲ್ಲೇ ಹೇಳಿದೆ. ಎಲ್ಲರೂ ನಕ್ಕರು. ಹುಡುಗಿಗೆ ಕೆಲಸ ಸಿಗಲಿಲ್ಲ. ಅವಳಿಗೆ ಸಿಗದ ಆ ಕೆಲಸದ ಮೊದಲ ತಿಂಗಳ ಸಂಬಳ ಯಾವುದೋ ಊರಿನ ಒಂದು ಮನೆಯ ಮೂಟೆ ಬಿಚ್ಚುತ್ತಿತ್ತು.

ಅದಕ್ಕೇ ಈ ಮಾತನ್ನು ಬರೀ ಮಾತು ಅಂತ ಬಿಡೋಕಾಗಲ್ಲ. ಅದು ಕೆಲಸ ತಪ್ಪಿಸುತ್ತೆ, ಮದುವೆ ತಪ್ಪಿಸುತ್ತೆ, ಓದು ಬಿಡಿಸುತ್ತೆ. ಮುಂದಿನ ಸಲ ಮೀಟಿಂಗಿನಲ್ಲೋ ಮದುವೆ ಮನೆಯಲ್ಲೋ ಯಾರಾದರೂ 'ಡಿಎನ್‌ಎಯಲ್ಲೇ ಇದೆ' ಅಂದರೆ ಸುಮ್ಮನೆ ತಲೆ ಆಡಿಸಬೇಡಿ. ಜಗಳವೂ ಬೇಡ. ಮೂರೇ ಮೂರು ಪ್ರಶ್ನೆ ಕೇಳಿ. ಯಾವ ಜೀನು? ಯಾವ ಜೀವಕೋಶದಲ್ಲಿ? ಅಲ್ಲಿ ಅದನ್ನು ಬಿಚ್ಚಿದವರು ಯಾರು? ಮೊದಲ ಪ್ರಶ್ನೆಗೇ ಅವರು ವಿಷಯ ಬದಲಾಯಿಸ್ತಾರೆ. ಬಿಡಬೇಡಿ, ಮೂರನೇದನ್ನೂ ಕೇಳಿ.